ಸ್ಕ್ರೂ ಹಲ್ಲು ಕೊಟ್ಟ ಸಾಕ್ಷಿ

ಹಾಸನದಲ್ಲಿ ಪಿಸುಗುಟ್ಟಿದ್ದನ್ನು ಅರಕಲಗೂಡಿನಲ್ಲಿ ಕುಳಿತು ಕೇಳಬಲ್ಲ ಕಿವಿ ನನ್ನದು. ಅಂಥದ್ದರಲ್ಲಿ ಎರಡು ಸಾವಿರದ ಆರರ ಒಂದು ಮಧ್ಯಾಹ್ನ, ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದ ಬೆಂಚಿನ ಮಾತು ತಪ್ಪಿಸಿಕೊಂಡೀತೇ? ರಾಮನಾಥಪುರದ ಹೊಗೆಸೊಪ್ಪು ಬೆಳೆಗಾರ, ಜೊತೆಗೆ ಹೆಂಡತಿ ಸರೋಜಮ್ಮ. ಹಲ್ಲಿನ ಡಾಕ್ಟರನ್ನು ಕಂಡು ಬಂದಿದ್ದರು. ಅವನೇ ಶುರುಮಾಡಿದ.

“ಮೂಳೆಗೆ ಸ್ಕ್ರೂ ಕೂರ್ಸಿದ ಹಲ್ಲು ಇಪ್ಪತ್ತು ವರ್ಷ ಬತ್ತದೆ ಅಂದಿದ್ರು. ನಾಕೇ ವರ್ಷಕ್ಕೆ ಅಲ್ಲಾಡ್ತಾ ಅದೆ, ನೋಡು!”

“ಬೀಡಿ ಬುಟ್ರೆ ಬತ್ತದೆ ಅಂದಿದ್ರು.”

“ಬುಟ್ಟಿದ್ನಲ್ಲ ಸರೋಜಾ.”

“ಈಗಿನ್ನೂ ಡಾಕ್ಟ್ರಿಗೆ ದಿನಕ್ಕೊಂದು ಕಟ್ಟು ಬೀಡಿ ಅಂದ್ರಿ. ನಾನು ಬಾಗ್ಲಲ್ಲೇ ನಿಂತಿದ್ದೆ.”

“ಹೊಗೆಸೊಪ್ಪು ಬೇಯ್ಸೋವಾಗ ರಾತ್ರಿಯೆಲ್ಲಾ ಒಲೆ ಮುಂದೆ ಕೂತ್ರೆ ಹೊತ್ತು ಓಗಕಿಲ್ಲ ಕಣೆ.”

“ಹಲ್ಲು ಕೂರ್ಸಿದಾಗ, ನೀವು ಬೀಡಿ ಬುಡಿ, ನಾನು ಕಾಫಿ ಬುಡ್ತೀನಿ ಅಂತ ಇಬ್ರೂ ರಾಮೇಶ್ವರನ ಮುಂದೆ ಕೈ ಮುಗ್ದಿದ್ವಿ. ಮಗಳ ಮದ್ವೆ ದಿನಾನೂ ನಾನು ಒಂದು ಗುಟುಕು ಕುಡೀನಿಲ್ಲ.”

“ನಿಂಗೆ ಬೇಜಾರಾಯ್ತದೆ ಅಂತ ಹೇಳ್ನಿಲ್ಲ.”

“ಆ ಹಲ್ಲು ಹೇಳ್ತು ಬುಡಿ.”

ಹೊಯ್ಸಳರ ದಂಡು ಹೊರಟಂತೆ ಸರೋಜಮ್ಮ ಕ್ಯಾಂಟೀನಿಗೆ ನಡೆದಳು. ಅವನು ಬಾಯಿಗೆ ಕೈ ಅಡ್ಡ ಹಿಡಿದು ಹಿಂದೆಯೇ ಓಡಿದ.

“ಎರಡು ಕಾಫಿನಾ ಅಮ್ಮಾ?” ಕ್ಯಾಂಟೀನಿನವನು ಕೇಳಿದ.

“ಒಂದೇ ಕೊಡಪ್ಪ. ಅವ್ರಿಗೆ ಬೀಡಿ ಸಾಕು.”