ಸೋಮವಾರ ಹೂಡದ ಎತ್ತುಗಳು

ಕಂಪನಿ ಸರ್ಕಾರದ ವಿರುದ್ಧ ನಡೆದ ಯುದ್ಧ ಎಲ್ಲಿ ತಿರುಗಿತು ಎಂದು ಕೇಳಿದರೆ ನೀವೆಲ್ಲ ಏನು ತೋರಿಸುತ್ತೀರಿ? ಕೋಟೆಯ ಬಾಗಿಲು ತೋರಿಸುತ್ತೀರಿ. ಕತ್ತಿ ತೋರಿಸುತ್ತೀರಿ. ನಾನು ಇವತ್ತು ಒಂದು ದನದ ಕೊಟ್ಟಿಗೆ ತೋರಿಸುತ್ತೇನೆ. ನಗುವವರು ಈಗಲೇ ನಕ್ಕು ಮುಗಿಸಿ. ಆಮೇಲೆ ಕೇಳಿ.

ಎರೆಭೂಮಿಯ ಒಂದೂರಿನಲ್ಲಿ ಒಬ್ಬ ಗೌಡನಿದ್ದ, ಭಾರಿ ಶ್ರೀಮಂತ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಕಥೆ ಬಿಟ್ಟು ಅವನ ಬೀಗರು ಯಾರು ಎಂದು ಹುಡುಕಲು ಹೊರಡುತ್ತೀರಿ, ನಿಮ್ಮನ್ನು ನಾನು ಬಲ್ಲೆ. ಅವನ ಕೊಟ್ಟಿಗೆಯಲ್ಲಿ ಇದ್ದಂಥ ಎತ್ತುಗಳು ಸುತ್ತಿನ ಯಾವ ಊರಿನಲ್ಲೂ ಇರಲಿಲ್ಲ. ಹೆಗಲೆಂದರೆ ಹೆಗಲು, ಕಾಲೆಂದರೆ ಕಾಲು.

ಆ ಸೀಮೆಯ ದೇಸಾಯಿ ಕಂಪನಿಗೆ ಕಪ್ಪ ಕೊಡುವುದಿಲ್ಲ ಎಂದ. ಅದು ಮೊದಲ ತಿರುವು. ಕಂಪನಿಯ ಕುದುರೆ ದಂಡು ಬಂತು, ಕೋಟೆಯ ಮುಂದೆ ಪೆಟ್ಟು ತಿಂದು ಹಿಂದಕ್ಕೆ ಹೋಯಿತು. ಅದು ಎರಡನೆಯದು. ಎರಡನ್ನೂ ಜನ ಹಾಡು ಕಟ್ಟಿ ಹಾಡಿದರು. ಮೂರನೆಯದಕ್ಕೆ ಹಾಡಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ಸೋತ ದಂಡಿನ ಸಾಹೇಬ ಕೋಟೆ ಒಡೆಯುವ ದೊಡ್ಡ ತೋಪುಗಳನ್ನು ತರಿಸಿದ. ಎರೆಮಣ್ಣಿನಲ್ಲಿ ಅವುಗಳ ಗಾಲಿ ಹೂತುಕೊಂಡವು. ಎಳೆಯಲು ಕುದುರೆಗಳಿಂದ ಆಗಲಿಲ್ಲ. ಎತ್ತು ಬೇಕು, ಆ ಮಣ್ಣಿನಲ್ಲೇ ಬೆಳೆದ ಎತ್ತು ಬೇಕು, ಹೊಡೆಯಲು ಆ ಊರಿನ ಆಳೇ ಬೇಕು. ನೋಡಿ, ಅಷ್ಟು ದೊಡ್ಡ ಕಂಪನಿ ಒಂದು ಕೊಟ್ಟಿಗೆಯ ಮುಂದೆ ಬಂದು ನಿಂತಿತು.

ಸಾಹೇಬನ ಕಾರಕೂನ ಬಂದು ಗೌಡನಿಗೆ ಮೆಲ್ಲಗೆ ಹೇಳಿದ: “ಎತ್ತು ಕೊಟ್ರ ಊರ ಗೌಡಕಿ ನಿಮ್ಮದೇ ಉಳಿಯತದ. ಇಲ್ಲಾಂದ್ರ ಸಾಹೇಬರು ಬ್ಯಾರೆಯವರನ್ನ ನೋಡತಾರ.”

ಗೌಡ ಒಪ್ಪಿಕೊಂಡ. ಎತ್ತು ನನ್ನದು, ಯುದ್ಧ ನನ್ನದಲ್ಲ ಎಂದುಕೊಂಡ. ಎಷ್ಟು ಸಲೀಸಾದ ಮಾತು! ಆದರೆ ಅವನ ಒಬ್ಬಳೇ ಮಗಳು ಎಲ್ಲಿದ್ದಳು? ಆ ಕೋಟೆಯೊಳಗೇ. ಗಂಡ ದೇಸಾಯಿಯ ದಂಡಿನಲ್ಲಿದ್ದ. ಅವಳು ತುಂಬು ಬಸುರಿ.

ಗೌಡತಿ ಉಣ್ಣಲು ಬಡಿಸುತ್ತ ಕೇಳಿದಳು: “ತೋಪು ಎಲ್ಲಿಗ್ಹೊಂಟಾವ್ರಿ?”

“ಕ್ವಾಟಿಗೆ. ನಮ್ಮ ಬಾಳವ್ವನ ಮನಿ ಮುಟ್ಟಂಗಿಲ್ಲಂತ ಕಾರಕೂನ ಮಾತು ಕೊಟ್ಟಾನ.”

“ಕಾರಕೂನ ಮಾತು ಕೊಟ್ಟಾನ, ಖರೆ. ಗುಂಡು ಕೊಟ್ಟೈತೇನ್ರಿ? ಅದಕ್ಕ ನಿಮ್ಮ ಮಗಳ ಮನಿ ಯಾವುದಂತ ಗುರ್ತು ಐತೇನು?”

ಗೌಡ ತುತ್ತನ್ನು ತಾಟಿಗೆ ಹಾಕಿ, ಕೈ ತೊಳೆದು ಎದ್ದ.

ಮರುದಿನ ಭಾನುವಾರ. ಕಾರಕೂನ ಚಾವಡಿಗೆ ಬಂದು, ನಾಳೆ ಬೆಳಗ್ಗೆ ಎತ್ತು ಹೂಡಬೇಕು ಎಂದ. ಊರೆಲ್ಲ ಸೇರಿತ್ತು. ಗೌಡ ಬಾಯಿ ತೆರೆದ. ಆಗುವುದಿಲ್ಲ ಎನ್ನುವ ಧೈರ್ಯ ಅವನಿಗಿರಲಿಲ್ಲ. ಇಷ್ಟೇ ಅಂದ: “ನಾಳೆ ಸೋಮಾರ ಐತ್ರಿ. ಸೋಮಾರ ಬಸವಣ್ಣನ ವಾರ. ಎತ್ತಿನ ಹೆಗಲ ಮ್ಯಾಲ ನಾವು ನೊಗ ಇಡಂಗಿಲ್ಲ. ಮಂಗಳಾರ ಹೂಡೋಣು.”

ಇದು ನಿಮ್ಮ ಮನೆಯಲ್ಲೂ ಇದ್ದ ನೇಮ. ಟ್ರ್ಯಾಕ್ಟರ್ ಬಂದ ಮೇಲೆ ಮರೆತಿದ್ದೀರಿ. ಆದರೆ ಆ ಗೌಡ ಟ್ರ್ಯಾಕ್ಟರಿಗಿಂತ ಮೊದಲೇ ಮರೆತಿದ್ದ. ಹಿಂದಿನ ವರ್ಷ ಬಿತ್ತಿಗೆಯ ಹೊತ್ತಿನಲ್ಲಿ ಸೋಮವಾರವೇ ಎತ್ತು ಹೂಡಿಸಿದ್ದ. ಹೂಡುವುದಿಲ್ಲ ಎಂದ ತನ್ನ ಆಳು ಯಮನಪ್ಪನ ಕಪಾಳಕ್ಕೆ ಅದೇ ಚಾವಡಿಯ ಮುಂದೆ ಹೊಡೆದಿದ್ದ. “ಬಿತ್ತಿಗಿ ತಪ್ಪಿದ್ರ ಬಸವಣ್ಣ ಬಂದು ಬಿತ್ತತಾನೇನಲೇ?” ಎಂದು ಕೇಳಿದ್ದ. ಊರಿಗೆಲ್ಲ ಗೊತ್ತಿದ್ದ ಸಂಗತಿ.

ಕಾರಕೂನ ದಡ್ಡನಲ್ಲ. ಗೌಡನನ್ನು ಬಿಟ್ಟು, ಕಂಬಕ್ಕೆ ಒರಗಿ ನಿಂತಿದ್ದ ಯಮನಪ್ಪನ ಕಡೆ ತಿರುಗಿದ. “ಎತ್ತು ಹೂಡಾಂವ ನೀನೇ ಏನು? ಖರೆ ಹೇಳು. ನಿಮ್ಮ ಗೌಡ ಸೋಮಾರ ಹೂಡಸಂಗಿಲ್ಲೇನು?”

ಈಗ ಹೇಳಿ. ನೀವು ಆ ಯಮನಪ್ಪನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ? ಹೊಡೆಸಿಕೊಂಡ ಕಪಾಳ ಇದೆ, ಹೊಡೆದವನು ಎದುರಿಗೇ ಇದ್ದಾನೆ, ಒಂದು ಮಾತು ಸಾಕು. ನಾನು ಹೇಳುತ್ತೇನೆ, ನಿಮ್ಮಲ್ಲಿ ಅರ್ಧ ಜನ ಆ ಮಾತನ್ನು ಆಡಿಬಿಡುತ್ತಿದ್ದಿರಿ. ಆಡಿ, ಸಂಜೆ ಮನೆಯಲ್ಲಿ ಕೂತು ಸತ್ಯ ಹೇಳಿದೆ ಎಂದು ಬೀಗುತ್ತಿದ್ದಿರಿ.

ಯಮನಪ್ಪ ಗೌಡನ ಮುಖ ನೋಡಿದ. ಆ ಮುಖದಲ್ಲಿ ಬೆವರಿತ್ತು. ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ಹೇಳಿದ: “ಹೂಡಸಂಗಿಲ್ರಿ. ಹೂಡ್ರಿ ಅಂದ್ರೂ ನಮ್ಮೂರ ಆಳುಗೋಳು ನಾಳೆ ನೊಗ ಮುಟ್ಟಂಗಿಲ್ಲ. ನಿಮ್ಮ ಸಿಪಾಯಿಗೋಳಿಗೆ ಬರ್ತಿದ್ರ ಅವರ ಹೂಡ್ಲಿ.”

ಒಬ್ಬ ಮುದುಕಿ ನಕ್ಕಳು. ಊರು ಸುಮ್ಮನೆ ನಿಂತಿತು. ಒಬ್ಬನಾದರೂ ಬಾಯಿ ಬಿಡಬೇಕಿತ್ತಲ್ಲ, ಬಿಡಲಿಲ್ಲ. ಆಳುಗಳು ಓಡಿಹೋದರೆ ತೋಪು ಅಲ್ಲೇ ಕೂರುತ್ತದೆ ಎಂದು ಕಾರಕೂನನಿಗೂ ಗೊತ್ತಿತ್ತು. ಮಂಗಳವಾರ ಎಂದು ಹೇಳಿ ಎದ್ದುಹೋದ.

ಗೌಡ ಯಮನಪ್ಪನನ್ನು ಹಿತ್ತಲಿಗೆ ಕರೆದ. “ಯಾಕಪ್ಪಾ ಹೇಳಲಿಲ್ಲ?”

“ಬಾಳವ್ವನ್ನ ಗಂಡನ ಮನಿಗೆ ಬಂಡ್ಯಾಗ ಕುಂದ್ರಿಸಿಕೊಂಡು ಹೋದಾಂವ ನಾನರೀ. ಆ ಹಾದ್ಯಾಗ ತೋಪು ಹೊಡಕೊಂಡು ಹೋಗ್ಲೇನು?”

“ಹಂಗಾರ ನಾಳೆ ಹೋಗಿ ಕರಕೊಂಡ್ಬಾ. ಬಂಡಿ ಹೂಡಕೊಂಡು…”

“ಈಗಷ್ಟ ಸೋಮಾರ ಅಂದ್ರಲ್ರೀ ಗೌಡ್ರ.” ಯಮನಪ್ಪ ನಕ್ಕುಬಿಟ್ಟ. “ಎತ್ತಿಗೆ ಬಿಡುವು. ನನ್ನ ಹೆಗಲಿಗೆ ಯಾರೂ ಬಿಡುವು ಕೊಟ್ಟಿಲ್ಲ. ಕಂಬಳ್ಯಾಗ ಹೊತ್ಕೊಂಡು ಬರ್ತೀವಿ.”

ಸೋಮವಾರ ನಸುಕಿನಲ್ಲೇ ಯಮನಪ್ಪ ಸೇರಿ ನಾಲ್ಕು ಆಳುಗಳು, ನಾಳೆ ತೋಪು ಬರುತ್ತವೆ ಎಂಬ ಸುದ್ದಿಯನ್ನು ಕೋಟೆಗೆ ಮುಟ್ಟಿಸಿದರು. ಹಗಲೆಲ್ಲ ಹಿಂದಿನ ಬಾಗಿಲಿನಿಂದ ಜನ ಇಳಿದರು. ಹೆಂಗಸರು, ಮಕ್ಕಳು, ಮುದುಕರು. ಕೊನೆಗೆ ದೇಸಾಯಿಯೂ ದಂಡು ಕಟ್ಟಿಕೊಂಡು ಗುಡ್ಡ ಸೇರಿದ. ಗೌಡತಿ ಬಾಗಿಲಲ್ಲೇ ಕೂತಿದ್ದಳು, ಅನ್ನ ನೀರು ಮುಟ್ಟಿರಲಿಲ್ಲ. ಸಂಜೆ ಕಂಬಳಿಯ ಜೋಲಿ ಅಂಗಳದಲ್ಲಿ ಇಳಿಯಿತು. ಒಳಗಿನಿಂದ ಬಾಳವ್ವ ಕೇಳಿದಳು: “ಯವ್ವಾ, ಮನ್ಯಾಗ ರೊಟ್ಟಿ ಅದಾವೇನ?” ಆಗ ಆ ತಾಯಿ ಅತ್ತಳು. ಅತ್ತು ರೊಟ್ಟಿ ಬಡಿಯಲು ಕೂತಳು.

ಮಂಗಳವಾರ ಗೌಡ ಎತ್ತು ಕೊಟ್ಟ. ಹೌದು, ಕೊಟ್ಟ. ಅವನನ್ನು ವೀರನೆಂದು ನಾನು ಹೇಳಲಿಲ್ಲವಲ್ಲ. ತೋಪು ಹೋದವು, ಗೋಡೆ ಒಡೆದವು. ಒಳಗೆ ಸಿಕ್ಕಿದ್ದು ಬೂದಿ ಆರಿದ ಒಲೆಗಳು, ಹಿಡಿಯಲು ಬಾರದ ಎರಡು ಕೋಳಿ. ಮುಗಿಯಬೇಕಿದ್ದ ಯುದ್ಧ ಮುಗಿಯಲಿಲ್ಲ, ಗುಡ್ಡದಿಂದ ಮತ್ತೆ ಎದ್ದಿತು. ಒಂದು ದಿನ ತಡಮಾಡಿದ್ದಕ್ಕೆ ಗೌಡಕಿ ಹೋಯಿತು. ಹೋಗಲಿ ಬಿಡಿ. ಹುಟ್ಟಿದ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಗೌಡ ಕಟ್ಟೆಯ ಮೇಲೆ ಕೂತಾಗ, ಹಾದುಹೋಗುವ ಯಮನಪ್ಪನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. ಅದೂ ಅದೇ ಚಾವಡಿಯ ಮುಂದೆ.

ಈಗ ನಿಮ್ಮ ಮಾತಿಗೆ ಬರೋಣ. ಸೋಮವಾರ ಕಾಪಾಡಿತು ಎಂದು ಕೈಮುಗಿದು ಮನೆಗೆ ಹೋಗಬೇಡಿ. ಸೋಮವಾರ ಕಾಪಾಡಲಿಲ್ಲ. ಹೆದರಿದವನೊಬ್ಬ ಒಂದು ದಿನದ ಮಟ್ಟಿಗೆ ಇಲ್ಲ ಎಂದ, ಹೊಡೆಸಿಕೊಂಡವನೊಬ್ಬ ಆ ಮಾತನ್ನು ಹಿಡಿದು ನಿಲ್ಲಿಸಿದ, ಊರು ಬಾಯಿ ಮುಚ್ಚಿಕೊಂಡಿತು. ಅಷ್ಟೇ.

ಕೆರೆಯ ಅಂಗಳಕ್ಕೆ ಮಣ್ಣು ತುಂಬುವವನಿಗೆ ಟ್ರ್ಯಾಕ್ಟರ್ ಬಾಡಿಗೆ ಕೊಡುತ್ತೀರಿ. ಕೇಳಿದರೆ, ಟ್ರ್ಯಾಕ್ಟರ್ ನನ್ನದು, ಕೆರೆ ನುಂಗುವವನು ಅವನು ಎನ್ನುತ್ತೀರಿ. ಗಂಡ ಸತ್ತವಳ ಹೊಲದ ಬದು ಒತ್ತುವವನ ಪರವಾಗಿ ಸಾಕ್ಷಿಗೆ ಹೋಗಿ ನಿಲ್ಲುತ್ತೀರಿ. ಕೇಳಿದರೆ, ಸುಮ್ಮನೆ ನಿಂತಿದ್ದೆ ಎನ್ನುತ್ತೀರಿ. ಸುಮ್ಮನೆ ನಿಲ್ಲುವ ಎತ್ತನ್ನು ಕಂಡಿದ್ದೇನೆ. ನೊಗ ಹೊತ್ತು ಸುಮ್ಮನೆ ನಿಲ್ಲುವ ಮನುಷ್ಯನನ್ನು ಕಂಡರೆ ಸಿಟ್ಟು ಬರುತ್ತದೆ.

ದೊಡ್ಡ ಧೈರ್ಯ ನಿಮ್ಮಿಂದ ಆಗದಿದ್ದರೆ ಬೇಡ. ಇವತ್ತು ಆಗುವುದಿಲ್ಲ ಎನ್ನಿ, ಅಲ್ಲಿಂದ ಶುರು ಮಾಡಿ. ನಿಮ್ಮ ಆಳಿನ ಮೇಲೆ ಕೈ ಎತ್ತಿದ್ದರೆ, ಎಲ್ಲರ ಮುಂದೆ ಹೊಡೆದಿದ್ದರೆ ಎಲ್ಲರ ಮುಂದೆಯೇ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಾಳೆ ಬೆಳಗ್ಗೆ ನಿಮ್ಮ ಬಾಗಿಲಿಗೂ ಒಬ್ಬ ಕಾರಕೂನ ಬರುತ್ತಾನೆ, ನಗುತ್ತಲೇ ಬರುತ್ತಾನೆ. ಗಾಡಿ ಹೊರಗೆ ಬಿಡುವ ಮೊದಲು ಹಿಂದೆ ಹೋಗಿ ನೋಡಿ, ಅದಕ್ಕೆ ಏನು ಕಟ್ಟಿದ್ದಾರೆ ಎಂದು. ಆ ತೋಪಿನ ಬಾಯಿ ಯಾರ ಮಗಳ ಮನೆಯ ಕಡೆಗಿದೆ ಎಂದು ಕೇಳಿ. ಕೇಳಿದ ಮೇಲೂ ನೊಗ ಏರಿಸುವುದಾದರೆ ಏರಿಸಿ, ನಾನು ತಡೆಯುವುದಿಲ್ಲ. ಆದರೆ ಯುದ್ಧ ನನ್ನದಲ್ಲ ಎಂದು ಮಾತ್ರ ನನ್ನ ಮುಂದೆ ಬಂದು ಹೇಳಬೇಡಿ.