ಒಂದೇ ಸಮ ಮಾಡಿದ ಹಾಡು

ಕಣ್ಣಿನ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಯಾರೋ ಅಕ್ಕ-ತಮ್ಮ ಕೂತಿದ್ದರು. ಅಕ್ಕ ಇಯರ್‌ಫೋನ್ ಕಿತ್ತು ತಮ್ಮನ ತೊಡೆಯ ಮೇಲೆ ಹಾಕಿದರು.

“ಇದು ನಾನು ಹಾಡಿದ್ದಾ? ರೋಡ್ ರೋಲರ್ ಹತ್ತಿಸಿದ ಹಾಗಿದೆ.”

“ನಿನ್ನ ಕಾರ್ಯಕ್ರಮನ ನಾನು ಫೋನ್‌ನಲ್ಲಿ ರೆಕಾರ್ಡ್ ಮಾಡಿದ್ದಲ್ವಾ ಅಕ್ಕ. ಒಂದು ಕಡೆ ಕಿರುಚಿದ ಹಾಗೆ, ಇನ್ನೊಂದು ಕಡೆ ಏನೂ ಕೇಳಿಸ್ತಿರ್ಲಿಲ್ಲ. ವಾಲ್ಯೂಮ್ ಎಲ್ಲಾ ಒಂದೇ ಸಮ ಮಾಡ್ದೆ.”

“ಕಿರುಚಿದ ಹಾಗೆ! ಇನ್ನು ಕೇಳಿಸ್ಲಿಲ್ಲ ಅಂದ್ಯಲ್ಲ, ಅಷ್ಟು ಮೆಲ್ಲಗೆ ಹಾಡೋದಕ್ಕೆ ಆರು ತಿಂಗಳು ಒದ್ದಾಡಿದೀನಿ ಕಣೋ. ಈಗ ನನ್ನಷ್ಟೇ ಜೋರಾಗಿ ಯಾರೋ ಕೆಮ್ತಿದಾರೆ, ಕುರ್ಚಿ ಎಳೀತಿದಾರೆ. ಮಹಾ ಪಂಡಿತ ನೀನು.”

“ಸಣ್ಣ ದನಿ ಏರಿಸಿದ್ರೆ ಅವೂ ಏರ್ತವೆ.”

“ಏರಿಸಿದ್ಮೇಲೆ ಒಂದ್ಸಲನಾದ್ರೂ ಪೂರ್ತಿ ಕೇಳಿದ್ಯಾ?”

“ಇಲ್ಲ... ಟೈಮ್ ಆಗ್ಲಿಲ್ಲ.”

“ಗೊತ್ತಾಯ್ತು. ಎರಡನೇ ಹಾಡಲ್ಲಿ ನಾನು ದನಿ ಇಳಿಸಿದಾಗ ಫೋನ್ ಪಕ್ಕದಲ್ಲೇ ಒಬ್ಬ ಪಿಸುಗುಡ್ತಾನೆ. ‘ಅಕ್ಕ ಯಾವಾಗ ನಿಲ್ಲಿಸ್ತಾಳೋ, ತಲೆ ಚಿಟ್ಟು ಹಿಡೀತಿದೆ’ ಅಂತ.”

ತಮ್ಮ ಇಯರ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತತೊಡಗಿದ.

“ಅದನ್ನ ತೆಗೆದುಬಿಡ್ತೀನಿ ಅಕ್ಕ.”

“ಬೇಡ, ಇರ್ಲಿ. ಇಡೀ ರೆಕಾರ್ಡಿಂಗ್‌ನಲ್ಲಿ ಮನಸ್ಸಿಂದ ಬಂದಿದ್ದು ಅಂತ ನೀನು ಉಳಿಸಿರೋದು ಅದೊಂದೇ.”

ನರ್ಸ್ ಅಕ್ಕನ ನಂಬರ್ ಕೂಗಿದರು. ಡ್ರಾಪ್ಸ್ ಹಾಕಿದ ಕಣ್ಣುಗಳನ್ನು ಕಿರಿದು ಮಾಡಿಕೊಂಡು ಅಕ್ಕ ಎದ್ದರು. ತಮ್ಮನು ಚಾಚಿದ ಕೈ ಹಿಡಿಯದೆ, ಗೋಡೆ ಸವರಿಕೊಂಡು ಒಳಗೆ ಹೋದರು.