ದೋಣಿಯ ಹಿಂದಿನ ಗೋಡೆ ನೋಡಿದವರು ಯಾರು ಎಂಬ ಬಗ್ಗೆ

ಪುತಳಾಬಾಯಿ ಗಂಡ ದಿವಂಗತ ಭೀಮಶಾ, ವಯಸ್ಸು 56 ವರ್ಷ, ಉದ್ಯೋಗ: ನಾಟಕದ ಪಾತ್ರಧಾರಿ, ಸಾ: ಬ್ರಹ್ಮಪುರ, ಕಲಬುರಗಿ. ಇಂದು ದಿನಾಂಕ 18-11-2024ರಂದು ಬೆಳಿಗ್ಗೆ 11 ಗಂಟೆಗೆ ಕಮಲಾಪುರ ಪೊಲೀಸ್ ಠಾಣೆಗೆ ಖುದ್ದು ಹಾಜರಾಗಿ, ಕಲಬುರಗಿಯ ಗಾಜಿಪುರದ ಫುರ್ಕಾನನ ಕಾಲಿಗೆ ಆದ ಗಾಯಕ್ಕೆ ಹೊಣೆ ಯಾರು ಎಂಬ ಬಗ್ಗೆ ಈ ಮೂಲಕ ತಿಳಿಸುವುದೇನೆಂದರೆ,

ನಾನು ಹದಿನಾಲ್ಕನೆಯ ವಯಸ್ಸಿನಿಂದ ಕಂಪನಿ ನಾಟಕಗಳಲ್ಲಿ ರಾಣಿ, ರಾಕ್ಷಸಿ, ಅತ್ತೆ ಎಲ್ಲ ಆದವಳು. ಮೈಕ್ ಕೈಕೊಟ್ಟ ದಿನವೂ ನನ್ನ ದನಿ ಟೆಂಟಿನ ಕೊನೆಯ ಸಾಲಿಗೆ ಮುಟ್ಟಿದೆ. ಆದರೆ ನನಗೆ ಓದಲು ಬರುವುದಿಲ್ಲ. ಪರದೆಯ ಸಂದಿಯಲ್ಲಿ ಕುಳಿತು, ಪುಸ್ತಕ ನೋಡಿ, ನನಗಷ್ಟೇ ಕೇಳುವಂತೆ ಮಾತು ಎತ್ತಿಕೊಡುತ್ತಿದ್ದವನು ಬೀರಲಿಂಗ, ವಯಸ್ಸು 48 ವರ್ಷ, ಸಾ: ಕಲಬುರಗಿ. ಹತ್ತೊಂಬತ್ತು ವರ್ಷ ಅವನು ಅಂದದ್ದನ್ನು ನಾನು ಅಂದಿದ್ದೇನೆ. ಒಂದು ಆಟದಲ್ಲೂ ಅವನು ತಪ್ಪು ಕೊಟ್ಟಿಲ್ಲ. ನನ್ನನ್ನು ಯಕ್ಕಾ ಎಂದು ಕರೆಯುತ್ತಾನೆ. ನನ್ನ ಗಂಡನ ಹೆಣಕ್ಕೆ ಹೆಗಲು ಕೊಟ್ಟವನೂ ಅವನೇ.

ಕಂಪನಿ ನಿಂತ ಮೇಲೆ ನಾವಿಬ್ಬರೂ ಕೂಡಿ ಕಮಲಾಪುರದ ಹೊರಗಿನ ಕೆರೆಯಲ್ಲಿ ಜನರನ್ನು ದೋಣಿಯಲ್ಲಿ ಸುತ್ತಾಡಿಸುವ ಕೆಲಸ ಹಿಡಿಯಲು ಯೋಚಿಸಿದೆವು. ಹಗ್ಗ ಹಿಡಿದು ನೀರಿನ ಮೇಲೆ ಜಾರುವವರನ್ನು ಎಳೆಯುವ ಸ್ಕೀ ಬೋಟ್ ಒಂದು, ಹಳೆಯದು, ಕಲಬುರಗಿಯ ಹಳೆ ಸಾಮಾನಿನ ವ್ಯಾಪಾರಿ ವಿವೇಕಾನಂದನ ಹತ್ತಿರ ಇದೆ ಎಂದು ಬೀರಲಿಂಗನೇ ಸುದ್ದಿ ತಂದ. ಅದನ್ನು ನಡೆಸಲು ಹೈದರಾಬಾದಿನಲ್ಲಿ ಮೋಟಾರ್ ದೋಣಿ ಓಡಿಸುತ್ತಿದ್ದ ಫುರ್ಕಾನ್, ವಯಸ್ಸು 27 ವರ್ಷ, ಒಪ್ಪಿಕೊಂಡ. ಅವನು ಇನ್ನೂ ಅಲ್ಲೇ ಇದ್ದುದರಿಂದ ಏನೇನು ನೋಡಬೇಕು ಎಂಬುದನ್ನು ಫೋನಿನಲ್ಲಿ ಬಿಡಿಸಿ ಹೇಳಿದ. ‘ಬಣ್ಣ ನೋಡಿ ಖುಷ್ ಆಗಬ್ಯಾಡ್ರಿ ಅಮ್ಮಾ. ಚಾಲೂ ಮಾಡೂಕಿಂತ ಮೊದ್ಲ ಇಂಜಿನ್ ಮುಟ್ಟಿ ನೋಡ್ರಿ, ಬಿಸಿ ಇತ್ತಂದ್ರ, ತಣ್ಣಗಿದ್ದಾಗ ಹತ್ತೂದಿಲ್ಲಂತ ಅವ ಮೊದ್ಲೇ ಚಾಲೂ ಮಾಡಿಟ್ಟಾನ ಅಂತ ತಿಳೀರಿ. ಗೇರಿನ ಎಣ್ಣಿ ಹಾಲು ಹಾಕಿದ ಚಹಾದಂಗ ಕಂಡ್ರ ಅದರಾಗ ನೀರು ಸೇರ್ಯದ. ಚಪ್ಲಿ ಬಿಟ್ಟು ಒಳಗ ನಡೀರಿ, ನೆಲ ಮೆತ್ತಗಾತಂದ್ರ ಕೆಳಗಿನ ಕಟ್ಟಿಗಿ ಕೊಳೆತದ. ಎಲ್ಲಾಕಿಂತ ಹೆಚ್ಚಿಗಿ, ಇಂಜಿನ್ ಹೊತ್ತ ಹಿಂದಿನ ಗೋಡಿ ಬಡಿದು ನೋಡ್ರಿ. ಅದರ ಹೊಟ್ಟ್ಯಾಗ ಹಲಗಿ ಇರ್ತದ. ಅದು ಹೋಗಿದ್ರ ದೋಣಿ ಬ್ಯಾಡೇ ಬ್ಯಾಡ’ ಎಂದು ತಿಳಿಸಿದ.

ದಿನಾಂಕ 10-11-2024ರಂದು ಬೆಳಿಗ್ಗೆ ನಾನು ಮತ್ತು ಬೀರಲಿಂಗ ವಿವೇಕಾನಂದನ ಜಾಗಕ್ಕೆ ಹೋದೆವು. ನೀಲಿ ಬಣ್ಣದ ದೋಣಿ ಟ್ರೇಲರ್ ಗಾಡಿಯ ಮೇಲೆ ಮದುಮಗನ ಹಾಗೆ ಕುಳಿತಿತ್ತು. ಇಂಜಿನ್ ಮುಟ್ಟಿದೆ, ತಣ್ಣಗಿತ್ತು. ಎಣ್ಣೆ ಸರಿಯಿತ್ತು. ಚಪ್ಪಲಿ ಬಿಟ್ಟು ಒಳಗೆ ನಡೆದೆ, ನೆಲ ಕುಗ್ಗಲಿಲ್ಲ. ನೀರಿಗೆ ಇಳಿಸಿ ತೋರಿಸು ಎಂದದ್ದಕ್ಕೆ ವಿವೇಕಾನಂದನು, ‘ಈ ಊರಾಗ ನಳಕ್ಕ ನೀರು ಬಂದ್ರ ಹಬ್ಬ ಮಾಡ್ತೀವಿ, ದೋಣಿ ಎಲ್ಲಿ ತೇಲಿಸ್ಲಿ ಅಕ್ಕಾರ?’ ಎಂದು ನಕ್ಕು, ಡ್ರಮ್ಮಿನಲ್ಲಿ ನೀರು ತುಂಬಿ ಇಂಜಿನ್ ನಡೆಸಿ ತೋರಿಸಿದ.

ಹಿಂದಿನ ಗೋಡೆಯ ಕೆಳಭಾಗ ಬಡಿಯಲು ಗಾಡಿಯ ಕೆಳಗೆ ನುಗ್ಗಬೇಕಿತ್ತು. ನನ್ನ ಮೈಗೂ ಮೊಣಕಾಲಿಗೂ ಅದು ಆಗದ ಕೆಲಸ. ಬೀರಲಿಂಗ ಸ್ಕ್ರೂಡ್ರೈವರ್ ಹಿಡಿದು ನುಗ್ಗಿದ. ಬದಿಯಲ್ಲಿ ಬಡಿದಾಗ ಠಣ್ ಠಣ್ ಎಂದದ್ದು ಹಿಂದೆ ಬಡಿದಾಗ ದಬ್ ದಬ್ ಎಂದಿತು, ಮಳೆಯಲ್ಲಿ ನೆಂದ ತಬಲಾ ಡಗ್ಗದ ಹಾಗೆ. ಸಾಹೇಬರೇ, ನನ್ನ ಕಿವಿ ಅದನ್ನು ಕೇಳಿದೆ. ‘ಏನೋ ಬೀರ್ಯಾ, ದನಿ ಬದಲಾತಲ್ಲೋ?’ ಎಂದು ಕೇಳಿದೆ. ಆಗ ಗಾಡಿಯ ಕೆಳಗಿನಿಂದ ಅವನ ಆ ಸಣ್ಣ ದನಿ ಬಂತು. ‘ಗಟ್ಟಿ ಅದ, ಯಕ್ಕಾ. ಗಟ್ಟಿ ಅದ ಅನ್ನು.’ ‘ಗಟ್ಟಿ ಅದ!’ ಎಂದು ನಾನು ಸಾರಿದೆ. ವಿವೇಕಾನಂದನಿಗೆ, ಅವನ ಇಬ್ಬರು ಆಳುಗಳಿಗೆ, ರಸ್ತೆಯಾಚೆಯ ಚಹಾದಂಗಡಿಗೂ ಅದು ಕೇಳಿಸಿತು. ಬೀರಲಿಂಗ ಅಂದದ್ದು ಯಾರಿಗೂ ಕೇಳಿಸಲಿಲ್ಲ. ನನ್ನ ಬಂಗಾರದ ಪಾಟಲಿ ಬಳೆ ಮಾರಿ ತಂದಿದ್ದ ಹಣವನ್ನು ಅಲ್ಲೇ ಕೊಟ್ಟೆ.

ದಿನಾಂಕ 17-11-2024, ರವಿವಾರ ಬೆಳಿಗ್ಗೆ ಸುಮಾರು ಹತ್ತೂವರೆಗೆ ಕೆರೆಯ ದಂಡೆಯಲ್ಲಿ ದೋಣಿ ಇಳಿಸಿದೆವು. ಪರವಾನಗಿ ಬರಬೇಕಿತ್ತು, ಅಂದು ಓಡಿಸಿ ನೋಡುವುದಷ್ಟೇ ಇತ್ತು. ಫುರ್ಕಾನ್ ಹತ್ತುವ ಮುಂಚೆ, ‘ಹಿಂದಿನ ಗೋಡಿ ನೋಡಿದ್ರಲ್ಲಾ ಅಮ್ಮಾ?’ ಎಂದು ಕೇಳಿದ. ನೋಡಿದ್ದೇವೆ, ಗಟ್ಟಿ ಇದೆ ಎಂದು ನಾನೇ ಹೇಳಿದೆ. ಅವನು ಮತ್ತೆ ಬಡಿದು ನೋಡಲಿಲ್ಲ. ನಾನೂ ಹತ್ತಲು ಕಾಲೆತ್ತಿದಾಗ ಬೀರಲಿಂಗ ನನ್ನ ಮೊಣಕೈ ಹಿಡಿದು, ‘ಬಿಸಿಲು ಭಾಳ ಅದ, ನೀ ಹತ್ತಬ್ಯಾಡ ಯಕ್ಕಾ’ ಎಂದು ನಿಲ್ಲಿಸಿದ. ಅದನ್ನು ನಾನು ಅಕ್ಕರೆ ಎಂದುಕೊಂಡೆ.

ದಂಡೆಯಿಂದ ಸುಮಾರು ನೂರೈವತ್ತು ಮೀಟರ್ ದೂರದಲ್ಲಿ ಫುರ್ಕಾನ್ ವೇಗ ಹೆಚ್ಚಿಸಿದ ಕೂಡಲೇ ಹಿಂದಿನ ಗೋಡೆ ಇಂಜಿನ್ ಸಮೇತ ಕಿತ್ತುಬಂತು. ಇಂಜಿನ್ ಮಗುಚಿ ಒಳಗೆ ಬಿದ್ದು, ಅದರ ತುದಿಯಲ್ಲಿ ತಿರುಗುತ್ತಿದ್ದ ಪಂಖ ಅವನ ಬಲಗಾಲನ್ನು ಮೊಣಕಾಲಿನ ಮೇಲೆ ಸೀಳಿತು. ಮೀನು ಹಿಡಿಯುತ್ತಿದ್ದವರು ತೆಪ್ಪದಲ್ಲಿ ಅವನನ್ನು ದಂಡೆಗೆ ತಂದರು. ತೆಪ್ಪದ ಹಿಂದೆ ತೇಲಿ ಬಂದ ಹಲಗೆಯ ತುಂಡನ್ನು ನಾನು ಎತ್ತಿಕೊಂಡೆ. ಮೇಲೆ ತೂತು ಮುಚ್ಚಲು ಮೆತ್ತಿದ ಹೊಸ ಲಪ್ಪ, ಹೊಸ ನೀಲಿ ಬಣ್ಣ. ಒಳಗಿನ ಕಟ್ಟಿಗೆ ನೆನೆಸಿದ ಅವಲಕ್ಕಿಯಂತೆ ಬೆರಳಲ್ಲಿ ಹಿಚುಕಿಹೋಯಿತು.

ಕಲಬುರಗಿಯ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ವಿವೇಕಾನಂದನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು, ‘ನನಗ್ಯಾಕ ಬೈತೀರಿ? ಒಳಗ ಹಲಗಿ ಹೋಗ್ಯದ ಅಂತ ಬೀರಲಿಂಗಗ ನಾನೇ ಹೇಳೀನಿ. ಅವ ತನ್ನ ಪಾಲು ತಗೊಂಡು, ಯಕ್ಕನ ಚಿಂತಿ ಬಿಡ್ರಿ, ನಾ ಏನ್ ಕೊಟ್ರ ಅದನ್ನೇ ಅಂತಾಳ ಅಂದ. ನೀವೇ ಓಣಿಗೆಲ್ಲ ಕೇಳೂಹಂಗ ಒದರೀರಿ, ಈಗ ನನ್ ಮ್ಯಾಲ ಕೇಸಾ?’ ಎಂದ. ಆ ಹೊತ್ತಿಗೆ ಬೀರಲಿಂಗ ನನ್ನ ಪಕ್ಕದಲ್ಲೇ ಕುಳಿತು ಫುರ್ಕಾನನ ತಲೆ ಹಿಡಿದುಕೊಂಡಿದ್ದ.

ಕಾಲು ಉಳಿಯುವ ಮಾತನ್ನು ವೈದ್ಯರು ಇನ್ನೂ ಹೇಳಿಲ್ಲ. ಆಸ್ಪತ್ರೆಯಲ್ಲಿ ಫುರ್ಕಾನನ ತಾಯಿ ಹಲೀಮಾ ನನ್ನ ಎರಡೂ ಕೈ ಹಿಡಿದು, ‘ಮಗ ಕೇಳಾಕತ್ತಾನ ಆಪಾ, ಹಿಂದಿನ ಗೋಡಿ ಯಾರು ನೋಡಿದ್ರು ಅಂತ. ಅವಗ ಏನ್ ಹೇಳ್ಲಿ?’ ಎಂದು ಕೇಳಿದಳು.

ಇಂದು ಠಾಣೆಯಲ್ಲಿ ಸಾಹೇಬರೂ ಮೊದಲು ಅದನ್ನೇ ಕೇಳಿದರು. ಬೀರಲಿಂಗ ನನ್ನ ಕುರ್ಚಿಯ ಹಿಂದೆ ನಿಂತಿದ್ದ. ‘ನಾನೇ ನೋಡೀನಿ ಅನ್ನು, ಯಕ್ಕಾ. ಹೆಣ್ಮಗಳು, ನಿನಗ ಯಾರೂ ಏನೂ ಮಾಡೂದಿಲ್ಲ’ ಎಂದು ಮೆಲ್ಲಗೆ ಎತ್ತಿಕೊಟ್ಟ. ನನ್ನ ಬಾಯಿಂದ ‘ನಾನೇ’ ಎಂಬುದು ಬಂದೇಬಿಟ್ಟಿತು. ಪೇದೆಯವರು ಅದನ್ನು ಬರೆದು, ಆಮೇಲೆ ನಾನು ಹೇಳಿದ್ದಕ್ಕೆ ಗೆರೆ ಎಳೆದು ಹೊಡೆದುಹಾಕಿದ್ದಾರೆ. ನಾನು ಎದ್ದು ಅವನ ಕಡೆ ತಿರುಗಿ, ‘ಈಗ ಅಂದದ್ದನ್ನ ಸಾಹೇಬ್ರಿಗೆ ಕೇಳೂಹಂಗ ಅನ್ನೋ, ಬೀರ್ಯಾ’ ಎಂದೆ. ಅವನು, ‘ನಾ ಏನೂ ಅಂದಿಲ್ರಿ ಸಾಹೇಬ್ರ’ ಎಂದ. ಅವನ ದನಿ ಅಷ್ಟು ದೊಡ್ಡದಾಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಗಟ್ಟಿ ಇದೆ ಎಂದು ಕೂಗಿದ ಬಾಯಿ ನನ್ನದು. ಅದಕ್ಕೆ ಕಾನೂನು ಏನು ಮಾಡುತ್ತದೋ ಮಾಡಲಿ. ಗೋಡೆ ಬಡಿದ ಕೈ ಬೀರಲಿಂಗನದು. ಕೊಳೆತದ್ದು ಗೊತ್ತಿದ್ದೂ ಮಾರಿದ ವಿವೇಕಾನಂದನ ಮೇಲೆ, ಗೊತ್ತಿದ್ದೂ ಫುರ್ಕಾನನನ್ನು ನೀರಿಗೆ ಬಿಟ್ಟ ಬೀರಲಿಂಗನ ಮೇಲೆ, ಇಬ್ಬರ ಮೇಲೂ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ. ಹಲೀಮಾಳಿಗೆ ಇದನ್ನು ನಾನೇ ಹೋಗಿ ಹೇಳುತ್ತೇನೆ.

ಬರೆದದ್ದನ್ನು ನನಗೆ ಓದಿ ಕೇಳಿಸುವಾಗ ಬೀರಲಿಂಗನನ್ನು ಹೊರಗೆ ಕೂಡಿಸಲು ವಿನಂತಿಸಿದೆ, ಕೂಡಿಸಿದರು. ಪೂರ್ತಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ಕಮಲಾಪುರ
ದಿನಾಂಕ: 18-11-2024

ಪುತಳಾಬಾಯಿ ಇವರ ಎಡಗೈ ಹೆಬ್ಬೆರಳಿನ ಗುರುತು